ಬಿಸಿಲೂರಿನಲ್ಲಿ ಓಟ: ವೇಗದ ತರಬೇತಿಯಿಲ್ಲದೆ ವಾರದ ದೂರ ಹೆಚ್ಚಿಸಿಕೊಳ್ಳುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರಿನ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. "ಎರಡು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಏದುಸಿರು ಬರುತ್ತದೆ, ಹತ್ತು ಓಡುವವರು ಹೇಗೆ ಓಡುತ್ತಾರೆ?" "ವಯಸ್ಸು ನಲವತ್ತು ದಾಟಿದೆ, ಇಂಟರ್ವಲ್ ಮಾಡಲೇಬೇಕೆ?" "ಒಂದು ತಿಂಗಳು ಓಡಿದೆ, ಮೊಣಕಾಲು ನೋವು ಬಂತು, ಬಿಟ್ಟೆ. ಮತ್ತೆ ಹೇಗೆ ಶುರು ಮಾಡಲಿ?" ಮೂರಕ್ಕೂ ನನ್ನ ಉತ್ತರ ಒಂದೇ: ನೀವು ಓಡುತ್ತಿರುವ ವೇಗ ನಿಮ್ಮದಲ್ಲ.

ಯಾರದು ಎಂದರೆ, ಮೈದಾನದಲ್ಲಿ ನಿಮ್ಮ ಪಕ್ಕ ಓಡುವ ಹುಡುಗರದ್ದು. ನಮ್ಮ ಊರುಗಳಲ್ಲಿ ಬೆಳಗಿನ ಜಾವ ಮೈದಾನ ತುಂಬಿಸುವವರು ಪೊಲೀಸ್ ಮತ್ತು ಸೇನಾ ನೇಮಕಾತಿಗೆ ತಯಾರಾಗುವ ಯುವಕರು. ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ಪುರುಷರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅವರ ಓಟ ಒಂದು ದಿನದ ಪರೀಕ್ಷೆಗಾಗಿ, ಆದ್ದರಿಂದ ಅವರು ಹಾಗೆ ಓಡಲೇಬೇಕು. ಬ್ಯಾಂಕಿನಲ್ಲಿ ಕೂತು ಕೆಲಸ ಮಾಡುವವರು, ಶಾಲೆಯ ಮೇಷ್ಟ್ರು, ಅಂಗಡಿ ನಡೆಸುವವರು ಅವರನ್ನು ನೋಡಿ ಓಟವೆಂದರೆ ಇದೇ ಎಂದುಕೊಂಡರೆ ಎರಡನೇ ಸುತ್ತಿಗೇ ಸೊಂಟ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ. ನೇಮಕಾತಿಗೆ ಸಿದ್ಧರಾಗುತ್ತಿರುವವರಿಗೆ ಈ ಲೇಖನ ಸಾಲದು. ಆರೋಗ್ಯಕ್ಕೋ ಸಂತೋಷಕ್ಕೋ ಓಡುವವರು, ಈಗ ಓಡುವ ಎರಡು-ಮೂರು ಕಿಲೋಮೀಟರನ್ನು ಆರೇಳಕ್ಕೆ ಏರಿಸಿಕೊಳ್ಳಲು ಬಯಸುವವರು ಮುಂದೆ ಓದಿ.

ವೇಗದ ತರಬೇತಿ ಎಂದರೆ ಇಂಟರ್ವಲ್ (ಸ್ವಲ್ಪ ದೂರ ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡುವುದು), ಟೆಂಪೊ (ಇಪ್ಪತ್ತು-ಮೂವತ್ತು ನಿಮಿಷ ಕಷ್ಟವೆನಿಸುವ ಒಂದೇ ವೇಗದಲ್ಲಿ ಓಡುವುದು) ಮುಂತಾದವು. ಅವು ಕೆಟ್ಟವೆಂದು ಹೇಳುತ್ತಿಲ್ಲ. ಮೊದಲ ಆರು ತಿಂಗಳು ಅವುಗಳ ಅಗತ್ಯವೇ ಬೀಳುವುದಿಲ್ಲ. ಜಗತ್ತಿನ ಮೇಲ್ದರ್ಜೆಯ ಓಟಗಾರರು, ಸೈಕಲ್ ಮತ್ತು ಸ್ಕೀ ಪಟುಗಳ ತರಬೇತಿಯನ್ನು ವರ್ಷಗಟ್ಟಲೆ ಗಮನಿಸಿದ ವಿಜ್ಞಾನಿ ಸ್ಟೀಫನ್ ಸೈಲರ್ ಕಂಡುಕೊಂಡದ್ದು, ಅವರ ಅಭ್ಯಾಸದ ಸುಮಾರು ಶೇ 80 ಭಾಗ ಹಗುರ ವೇಗದಲ್ಲೇ ನಡೆಯುತ್ತದೆ ಎಂಬುದನ್ನು. ಪದಕ ಗೆಲ್ಲುವವರೇ ಅಷ್ಟು ನಿಧಾನ ಓಡುವಾಗ, ಪದಕದ ಹಂಗಿಲ್ಲದ ನಮಗೆ ನೂರಕ್ಕೆ ನೂರೂ ನಿಧಾನವಾದರೆ ನಷ್ಟವೇನು?

ಇದರ ಹಿಂದಿರುವ ಕಾರಣವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮುಂದಿನ ಹಂತಗಳೆಲ್ಲ ಸುಲಭ. ಓಟ ಶುರು ಮಾಡಿದ ಕೆಲವೇ ವಾರಗಳಲ್ಲಿ ಹೃದಯ ಮತ್ತು ಶ್ವಾಸ ಪಳಗುತ್ತವೆ. ಆದರೆ ಮೂಳೆ, ಮತ್ತು ಸ್ನಾಯುವನ್ನು ಮೂಳೆಗೆ ಬಿಗಿದು ಹಿಡಿಯುವ ಹುರಿಯಂತಹ ಸ್ನಾಯುರಜ್ಜು, ಹೊಸ ಹೊರೆಗೆ ಗಟ್ಟಿಯಾಗಲು ತಿಂಗಳುಗಳನ್ನೇ ತೆಗೆದುಕೊಳ್ಳುತ್ತವೆ. ಹಾಗಾಗಿ ಮೂರನೇ ವಾರದಿಂದ ಎರಡನೇ ತಿಂಗಳವರೆಗೆ ಒಂದು ಅಪಾಯದ ಕಾಲವಿದೆ. ಉಸಿರು "ಇನ್ನೂ ಓಡು" ಎನ್ನುತ್ತದೆ, ಕಾಲು ಅದಕ್ಕೆ ಸಿದ್ಧವಾಗಿರುವುದಿಲ್ಲ. ಓಟ ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟಿರುವುದು ಈ ಅವಧಿಯಲ್ಲೇ.

ಮೊದಲು ಬೇಕಾಗುವುದು

ಒಂದು ಜೊತೆ ಓಟದ ಶೂ. ಎರಡೂವರೆ-ಮೂರು ಸಾವಿರ ರೂಪಾಯಿಯ ಶೂ ಧಾರಾಳವಾಗಿ ಸಾಕು. ಸಂಜೆ ಹೊತ್ತು ಅಂಗಡಿಗೆ ಹೋಗಿ, ಏಕೆಂದರೆ ದಿನವಿಡೀ ನಡೆದ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಓಡುವಾಗಲೂ ಹಾಗೆಯೇ ಊದುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಅಂಗಡಿಯವರು ಹೇಳುವ ವಿಶೇಷ ಗುಣಗಳಿಗಿಂತ, ಹಾಕಿಕೊಂಡು ನಾಲ್ಕು ಹೆಜ್ಜೆ ಓಡಿದಾಗ ಹಿತವಾಗಿದೆಯೇ ಎಂಬುದು ಮುಖ್ಯ. ಕ್ರಿಕೆಟ್ ಶೂ, ಕ್ಯಾನ್ವಾಸ್ ಶೂ ಬೇಡ. ಸುಮಾರು 500ರಿಂದ 800 ಕಿಲೋಮೀಟರ್ ಓಡಿದ ಮೇಲೆ ಅಡಿಭಾಗದ ಮೆತ್ತೆ ಸೊರಗುತ್ತದೆ, ಮೇಲ್ಭಾಗ ಚೆನ್ನಾಗಿ ಕಂಡರೂ ಬದಲಾಯಿಸಿ.

ಬಟ್ಟೆ ಬೆವರನ್ನು ಹಿಡಿದಿಟ್ಟುಕೊಳ್ಳದಂತಿರಲಿ. ಮಹಿಳೆಯರು ಸಲ್ವಾರ್ ಕಮೀಜ್‌ನಲ್ಲಿಯೂ ಆರಾಮವಾಗಿ ಓಡಬಹುದು, ದುಪ್ಪಟ್ಟಾವನ್ನು ಮಾತ್ರ ಮನೆಯಲ್ಲಿ ಬಿಡಿ ಅಥವಾ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಸ್ಪೋರ್ಟ್ಸ್ ಬ್ರಾ ಶೂವಿನಷ್ಟೇ ಅಗತ್ಯದ ವಸ್ತು, ಅದರಲ್ಲಿ ಉಳಿತಾಯ ಬೇಡ.

ಸಾಧಾರಣ ಗಡಿಯಾರವೊಂದು ಸಾಕು. ಮೊಬೈಲ್ ಆ್ಯಪ್ ಇದ್ದರೆ ದೂರ ಅಳೆಯಲು ಅನುಕೂಲ, ಆದರೆ ಅದರಲ್ಲಿ ಬರುವ ಸ್ನೇಹಿತರ ಪಟ್ಟಿಯನ್ನು, ಯಾರು ಮೊದಲು ಯಾರು ಹಿಂದೆ ಎಂಬುದನ್ನು, ಮೊದಲ ದಿನವೇ ಮುಚ್ಚಿಬಿಡಿ.

ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆ ಇರುವವರು, ಎದೆನೋವು ಅಥವಾ ತಲೆಸುತ್ತು ಬಂದ ಅನುಭವವಿರುವವರು, ನಲವತ್ತೈದು ದಾಟಿ ವರ್ಷಗಟ್ಟಲೆ ವ್ಯಾಯಾಮ ಬಿಟ್ಟವರು ವೈದ್ಯರನ್ನು ಕಂಡು ಬಂದ ಮೇಲೆಯೇ ಶುರು ಮಾಡಿ. ಅದೇ ಭೇಟಿಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಿ. ಮಹಿಳೆಯರಲ್ಲಿ 12, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. "ಎಷ್ಟು ನಿಧಾನ ಓಡಿದರೂ ಸುಸ್ತು" ಎನ್ನುವ ಹೆಣ್ಣುಮಕ್ಕಳಲ್ಲಿ ದೋಷ ಓಟದ್ದಾಗಿರದೆ ಕಬ್ಬಿಣದ ಕೊರತೆಯದ್ದಾಗಿರುವ ಸಾಧ್ಯತೆ ನಮ್ಮ ಕಡೆ ಬಹಳ.

ಹಂತ 1: ಜಾಗ ಮತ್ತು ಹೊತ್ತು ಗೊತ್ತು ಮಾಡಿಕೊಳ್ಳಿ

ಬೆಂಗಳೂರಿನವರಿಗೆ ಬರೆದ ಸಲಹೆಗಳು ನಮಗೆ ಹೊಂದುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಮೇ ಕೊನೆಯಲ್ಲಿ ಬಳ್ಳಾರಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು ಐದು ಮುಕ್ಕಾಲಿಗೆ, ಜನವರಿಯಲ್ಲಿ ಆರು ಮುಕ್ಕಾಲರ ಹೊತ್ತಿಗೆ. ಬೇಸಿಗೆಯಲ್ಲಿ ಐದಕ್ಕೆ ಹೊರಬಿದ್ದು ಆರೂಕಾಲರೊಳಗೆ ಮನೆ ಸೇರುವಂತಿರಬೇಕು. ಸಂಜೆ ಓಡುತ್ತೇನೆ ಎನ್ನುವವರು ಮಾರ್ಚ್‌ನಿಂದ ಜೂನ್‌ವರೆಗೆ ಆ ಯೋಚನೆ ಬಿಡುವುದು ಲೇಸು. ದಿನವೆಲ್ಲ ಕಾದ ಬಂಡೆಗುಡ್ಡ, ಡಾಂಬರು, ಸಿಮೆಂಟು ಕತ್ತಲಾದ ಮೇಲೂ ಬಿಸಿ ಉಗುಳುತ್ತಲೇ ಇರುತ್ತವೆ. ಏಳೂವರೆಗೆ ಗಾಳಿ ಬೀಸಿದರೂ ಅದು ತಂಗಾಳಿಯಲ್ಲ.

ಕಾಲೇಜು ಮೈದಾನ, ಜಿಲ್ಲಾ ಕ್ರೀಡಾಂಗಣ, ನಡಿಗೆಯವರನ್ನು ಒಳಗೆ ಬಿಡುವ ವಿಶ್ವವಿದ್ಯಾಲಯದ ಆವರಣ, ಹೊಸ ಬಡಾವಣೆಯ ಖಾಲಿ ರಸ್ತೆ: ಇವುಗಳಲ್ಲಿ ಮನೆಗೆ ಹತ್ತಿರದ್ದನ್ನು ಆರಿಸಿ. ಮನೆಯಿಂದ ಬೈಕಿನಲ್ಲಿ ಇಪ್ಪತ್ತು ನಿಮಿಷ ಹೋಗಬೇಕಾದ ಜಾಗಕ್ಕೆ ಎರಡನೇ ವಾರ ಯಾರೂ ಹೋಗುವುದಿಲ್ಲ. 400 ಮೀಟರ್ ಟ್ರ್ಯಾಕ್‌ನಲ್ಲಿ ಓಡುವವರು ಒಂದು ದಿನ ಬಲಕ್ಕೆ, ಇನ್ನೊಂದು ದಿನ ಎಡಕ್ಕೆ ಸುತ್ತಿ. ಸದಾ ಒಂದೇ ಕಡೆ ತಿರುಗಿದರೆ ಒಂದೇ ಕಾಲಿನ ಮೇಲೆ ಹೊರೆ ಕೂರುತ್ತದೆ.

ದೂರವಿಡಬೇಕಾದ ರಸ್ತೆಗಳೂ ಇವೆ. ಬಳ್ಳಾರಿಯಿಂದ ತೋರಣಗಲ್ಲು, ಸಂಡೂರು ಕಡೆಗೆ ಅದಿರು ಲಾರಿಗಳು ಓಡಾಡುವ ಹಾದಿಯಲ್ಲಿ ಕೆಂಪು ಧೂಳು ಬೆಳಗಿನ ಜಾವವೂ ಇಳಿದಿರುವುದಿಲ್ಲ. ಹೆದ್ದಾರಿಯ ಅಂಚಿನಲ್ಲಿ ಓಡಲೇಬೇಕಾಗಿ ಬಂದರೆ ವಾಹನಗಳಿಗೆ ಎದುರಾಗಿ, ಅಂದರೆ ರಸ್ತೆಯ ಬಲಬದಿಯಲ್ಲಿ, ತಿಳಿಬಣ್ಣದ ಅಂಗಿ ಹಾಕಿ ಓಡಿ. ಕಿವಿಗೆ ಹಾಡಿನ ವಯರು ಬೇಡ.

ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಇದೆ. ಮಣ್ಣಿನ ನೆಲ, ಸಮತಟ್ಟು, ಪಕ್ಕದಲ್ಲಿ ನೀರು: ಓಟಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇರೆಡೆ ಹುಡುಕಬೇಕು. ಆದರೆ ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೋಗಬೇಡಿ, ಗದ್ದೆಯಂಚಿನಲ್ಲಿ ಹಾವುಗಳಿರುತ್ತವೆ. ಮಳೆ ಬಿದ್ದ ಮರುದಿನ ಎರೆಮಣ್ಣಿನ ದಾರಿಗೆ ಇಳಿಯಲೇಬೇಡಿ. ಶೂವಿಗೆ ಅಂಟಿದ ಮಣ್ಣು ಹತ್ತು ಹೆಜ್ಜೆಗೆ ಕಾಲು ಕಿಲೋ ಆಗುತ್ತದೆ, ಜಾರಿದರೆ ಪಾದ ಉಳುಕುತ್ತದೆ.

ನಾಯಿಗಳ ವಿಚಾರ ಎಲ್ಲರೂ ಕೇಳುತ್ತಾರೆ. ಬೊಗಳುತ್ತಾ ಬಂದರೆ ಓಟ ನಿಲ್ಲಿಸಿ, ನಡೆಯಿರಿ, ಬೆನ್ನು ತೋರಿಸದೆ ಆ ಜಾಗ ದಾಟಿ. ಓಡುವವರನ್ನು ಅಟ್ಟಿಸಿಕೊಂಡು ಹೋಗುವುದು ಅವುಗಳ ಸ್ವಭಾವ. ಕಚ್ಚಿದರೆ ಅಥವಾ ಪರಚಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಆರಂಭಿಸಿ. ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬೇಡಿ.

ಹಂತ 2: ನಿಮ್ಮ ವೇಗ ಕಂಡುಕೊಳ್ಳಿ

ಈ ಇಡೀ ಲೇಖನದಲ್ಲಿ ಒಂದೇ ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ.

ಅಳತೆಗೋಲು ಮಾತು. ಓಡುತ್ತಿರುವಾಗಲೇ ಪಕ್ಕದವರಿಗೆ "ನಿನ್ನೆ ಎಪಿಎಂಸಿಯಲ್ಲಿ ಮೆಣಸಿನಕಾಯಿ ದರ ಎಷ್ಟಿತ್ತು, ನಿಮಗೇನಾದರೂ ಗೊತ್ತಾಯಿತೇ?" ಎಂದು ಒಂದೇ ಉಸಿರಿನಲ್ಲಿ ಕೇಳಲು ಆಗಬೇಕು. ನಡುವೆ ಎರಡು ಸಲ ಉಸಿರೆಳೆದುಕೊಂಡರೆ ವೇಗ ಹೆಚ್ಚಾಗಿದೆ. ಒಬ್ಬರೇ ಓಡುವವರು ಹದಿಮೂರರ ಮಗ್ಗಿ ಹೇಳಿ ನೋಡಿ, ಬಾರದವರಿಗೆ ಏಳರದ್ದೂ ಆದೀತು. ನ್ಯೂಜಿಲೆಂಡ್‌ನ ತರಬೇತುದಾರ ಆರ್ಥರ್ ಲಿಡಿಯರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡ್‌ನಲ್ಲಿ ಮಧ್ಯವಯಸ್ಸಿನವರಿಗೂ ಹೃದಯದ ತೊಂದರೆ ಇದ್ದವರಿಗೂ ಜಾಗಿಂಗ್ ಕಲಿಸಿದ್ದು ಇದೇ ತತ್ವದ ಮೇಲೆ: ಮೈ ಪಳಗಲಿ, ಆಯಾಸ ಬೇಡ. ಅದೇ ಲಿಡಿಯರ್ಡ್‌ನ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 800 ಮೀಟರ್ ಮತ್ತು 5000 ಮೀಟರ್ ಚಿನ್ನ ಗೆದ್ದವರು. ಅವರ ವೇಗಕ್ಕೂ ತಳಪಾಯವಾಗಿದ್ದು ವಾರಕ್ಕೆ ನೂರು ಮೈಲಿಯ ದೂರದ ಓಟ.

ಹೊಸಬರಿಗೆ ಮಾತನಾಡುವ ವೇಗವೆಂದರೆ ಸಾಮಾನ್ಯವಾಗಿ ಒಂದು ಕಿಲೋಮೀಟರಿಗೆ ಎಂಟರಿಂದ ಒಂಬತ್ತು ನಿಮಿಷ. ಇದನ್ನು ಪೇಸ್ ಎನ್ನುತ್ತಾರೆ: ಒಂದು ಕಿಲೋಮೀಟರ್ ಮುಗಿಸಲು ಹಿಡಿಯುವ ಸಮಯ. ಜೋರಾಗಿ ನಡೆಯುವ ಹಿರಿಯರು ನಿಮ್ಮ ಸಮಕ್ಕೆ ಬರಬಹುದು, ಒಮ್ಮೊಮ್ಮೆ ಹಿಂದಿಕ್ಕಲೂಬಹುದು. ಹಿಂದಿಕ್ಕಲಿ ಬಿಡಿ. ಹೆಜ್ಜೆ ಚಿಕ್ಕದಾಗಿರಲಿ, ಪಾದ ದೇಹಕ್ಕಿಂತ ಬಹಳ ಮುಂದೆ ಬೀಳದಿರಲಿ, ಭುಜ ಸಡಿಲವಾಗಿರಲಿ. ಓಟದ ಭಂಗಿಯ ಬಗ್ಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಹೃದಯ ಬಡಿತ ತೋರಿಸುವ ಗಡಿಯಾರವಿರುವವರಿಗೆ ಒಂದು ಒರಟು ಲೆಕ್ಕವಿದೆ: 180ರಿಂದ ನಿಮ್ಮ ವಯಸ್ಸು ಕಳೆಯಿರಿ, ಬಡಿತ ಅದನ್ನು ದಾಟದಿರಲಿ. ನಲವತ್ತರವರಿಗೆ ನಿಮಿಷಕ್ಕೆ 140. ಮಣಿಕಟ್ಟಿನ ಗಡಿಯಾರಗಳು ಆಗಾಗ ತಪ್ಪು ತೋರಿಸುತ್ತವೆ, ರಕ್ತದೊತ್ತಡದ ಕೆಲವು ಮಾತ್ರೆಗಳು ಬಡಿತವನ್ನೇ ತಗ್ಗಿಸುತ್ತವೆ. ಗಡಿಯಾರಕ್ಕೂ ಮಾತಿಗೂ ಜಗಳ ಬಂದರೆ ಮಾತನ್ನೇ ನಂಬಿ.

ಎಚ್ಚರಿಕೆ: ಬಿಸಿಲಲ್ಲಿ ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ, ಏಕೆಂದರೆ ಮೈ ತಂಪಾಗಿಸಲು ರಕ್ತ ಚರ್ಮದ ಕಡೆಗೂ ಹರಿಯಬೇಕು. ಜನವರಿಯಲ್ಲಿ ಎಂಟು ನಿಮಿಷದ ಪೇಸ್‌ನಲ್ಲಿ ಹರಟುತ್ತಿದ್ದವರು ಏಪ್ರಿಲ್‌ನಲ್ಲಿ ಒಂಬತ್ತಕ್ಕೆ ಇಳಿದರೆ ಶಕ್ತಿ ಕುಂದಿದೆ ಎಂದರ್ಥವಲ್ಲ.

ಹಂತ 3: ಓಟ-ನಡಿಗೆಯಿಂದ ಮೂವತ್ತು ನಿಮಿಷಕ್ಕೆ

ಈಗಾಗಲೇ ಅರ್ಧ ಗಂಟೆ ನಿಲ್ಲದೆ, ಮಾತನಾಡುವ ವೇಗದಲ್ಲಿ ಓಡಬಲ್ಲವರು ಇದನ್ನು ಬಿಟ್ಟು ಮುಂದಕ್ಕೆ ಹೋಗಬಹುದು.

ಉಳಿದವರು ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹೀಗೆ ಎಂಟು ಬಾರಿ. ವಾರಕ್ಕೆ ನಾಲ್ಕು ದಿನ, ಎರಡು ದಿನ ಒಟ್ಟಿಗೆ ಬಾರದಂತೆ ಆದಷ್ಟು ಹಂಚಿ. ಒಂದು ವಾರ ಆರಾಮವಾಗಿ ಸಾಗಿದರೆ ಮುಂದಿನ ವಾರ ಓಟದ ಭಾಗಕ್ಕೆ ಒಂದು ನಿಮಿಷ ಸೇರಿಸಿ, ಒಟ್ಟು ಓಟ ಅರ್ಧ ಗಂಟೆ ದಾಟದಂತೆ ಸುತ್ತುಗಳನ್ನು ಇಳಿಸುತ್ತಾ ಬನ್ನಿ. ಆರಾಮವೆನಿಸದಿದ್ದರೆ ಅದೇ ವಾರವನ್ನು ಮತ್ತೆ ಮಾಡಿ. ಕೆಲವರಿಗೆ ಕಡಿಮೆ ವಾರ ಸಾಕು, ಕೆಲವರಿಗೆ ಹೆಚ್ಚು ಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು, ಸುಸ್ತಾಗುವ ತನಕ ಓಡಿ ಆಮೇಲೆ ನಡೆಯುವುದು. ನಡಿಗೆಯ ಸರದಿ ಸುಸ್ತಿಗಿಂತ ಮೊದಲೇ ಬರಬೇಕು. ಮೊದಲ ಸುತ್ತಿನಲ್ಲಿ "ಈಗಲೇ ನಡೆಯಬೇಕೇ?" ಅನ್ನಿಸಿದರೂ ನಡೆಯಿರಿ.

ಹಂತ 4: ದೂರ ಹೆಚ್ಚಿಸುವ ಕ್ರಮ

ವಾರದ ದೂರವನ್ನು ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ನಿಯಮ ನೀವು ಕೇಳಿರುತ್ತೀರಿ. ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿದರು, 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ನಿಯಮ ಪಾಲಿಸಿದ ಗುಂಪಿನಲ್ಲೂ ಬೇಗ ಏರಿದ ಗುಂಪಿನಲ್ಲೂ ಗಾಯವಾದದ್ದು ಸುಮಾರು ಐವರಲ್ಲಿ ಒಬ್ಬರಿಗೆ, ವ್ಯತ್ಯಾಸವೇ ಕಾಣಲಿಲ್ಲ. 2025ರಲ್ಲಿ ಐದು ಸಾವಿರಕ್ಕೂ ಹೆಚ್ಚು ಓಟಗಾರರ ಗಡಿಯಾರದ ದಾಖಲೆಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ ಬೇರೆಡೆ ಬೆರಳು ತೋರಿಸಿತು. ಕಳೆದ 30 ದಿನಗಳಲ್ಲಿ ಓಡಿದ ಅತಿ ಉದ್ದದ ಓಟಕ್ಕಿಂತ ಶೇ 10ಕ್ಕೂ ಮೀರಿ ಒಂದೇ ದಿನ ಓಡಿದವರಲ್ಲಿ ಗಾಯ ಹೆಚ್ಚಿತ್ತು. ಅಂದರೆ ವಾರದ ಮೊತ್ತಕ್ಕಿಂತ ಒಂದು ದಿನದ ಅತಿಯಾಸೆ ಕೆಡಿಸುತ್ತದೆ. ಭಾನುವಾರ ಗೆಳೆಯರ ಜೊತೆ ಸೇರಿ ಐದರ ಬದಲು ಒಂಬತ್ತು ಓಡಿಬಿಡುವುದು ಎಂದರೆ ಇದೇ.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಸಣ್ಣ ಓಟದ ದಿನಗಳನ್ನು ಸ್ವಲ್ಪ ಉದ್ದ ಮಾಡಿ, ಆಮೇಲೆ ದಿನಗಳನ್ನು ಹೆಚ್ಚಿಸಿ. ಅತಿ ಉದ್ದದ ಓಟ ಒಂದು ಸಲಕ್ಕೆ ಅರ್ಧ ಕಿಲೋಮೀಟರ್ ಮಾತ್ರ ಬೆಳೆಯಲಿ. ಪ್ರತಿ ನಾಲ್ಕನೇ ವಾರ ಕಡಿಮೆ ಓಡಿ, ಮೂಳೆ ಗಟ್ಟಿಯಾಗಲು ಬಿಡುವು ಸಿಗಲಿ. ಮೂರು ತಿಂಗಳ ಒಂದು ಮಾದರಿ ಕೆಳಗಿದೆ, ಎಲ್ಲವೂ ಕಿಲೋಮೀಟರ್‌ಗಳಲ್ಲಿ:

1ನೇ ವಾರ: 3, 3, 3, 4 (ಒಟ್ಟು 13)
2ನೇ ವಾರ: 3, 3, 3, 4.5 (13.5)
3ನೇ ವಾರ: 3, 4, 3, 5 (15)
4ನೇ ವಾರ: 3, 3, 4 (10)
5ನೇ ವಾರ: 4, 3, 4, 5 (16)
6ನೇ ವಾರ: 4, 4, 4, 5.5 (17.5)
7ನೇ ವಾರ: 4, 4, 4, 6 (18)
8ನೇ ವಾರ: 3, 4, 4.5 (11.5)
9ನೇ ವಾರ: 3, 4, 4, 3, 6 (20)
10ನೇ ವಾರ: 4, 4, 4, 3, 6.5 (21.5)
11ನೇ ವಾರ: 4, 4, 5, 3, 7 (23)
12ನೇ ವಾರ: 4, 4, 5 (13)

ಐದನೇ ದಿನ ಸೇರುವುದು ಒಂಬತ್ತನೇ ವಾರದಲ್ಲಿ, ಅದೂ ಮೂರೇ ಕಿಲೋಮೀಟರ್. 8, 12ನೇ ವಾರಗಳಲ್ಲಿ "ಮೈ ಹಗುರವಾಗಿದೆ, ಇನ್ನಷ್ಟು ಓಡಬಹುದು" ಅನ್ನಿಸುತ್ತದೆ. ಆ ವಾರಗಳ ಉದ್ದೇಶವೇ ಮೈ ಹಗುರವಾಗುವುದು. ಹನ್ನೆರಡು ವಾರ ಮುಗಿದ ಮೇಲೆ ಇದೇ ರೀತಿ ಇನ್ನೊಂದು ಸುತ್ತು ಸಾಗಿದರೆ ವಾರಕ್ಕೆ 30ರ ಹತ್ತಿರ ಬರುತ್ತೀರಿ. ಬಹುತೇಕ ಓದುಗರಿಗೆ ಅಲ್ಲಿ ನಿಂತರೂ ಸಾಕು.

ಒಂದು ದಿನ ತಪ್ಪಿತೇ? ತಪ್ಪಿತು ಅಷ್ಟೇ. ಮರುದಿನ ಎರಡು ದಿನದ್ದನ್ನು ಸೇರಿಸಿ ಓಡುವುದು ಬೇಡ.

ವೇಗ ತಾನಾಗಿ ಹೆಚ್ಚುತ್ತದೆಯೇ ಎಂದು ಕೇಳುವವರಿಗೆ: ಹೆಚ್ಚುತ್ತದೆ. ಅದೇ ಮಾತಿನ ಸಲೀಸಿನಲ್ಲಿ, ಅದೇ ಹವೆಯಲ್ಲಿ, ಮೂರು ತಿಂಗಳ ಹಿಂದೆ ಒಂಬತ್ತು ನಿಮಿಷ ಹಿಡಿಯುತ್ತಿದ್ದ ಕಿಲೋಮೀಟರ್ ಎಂಟಕ್ಕೆ ಮುಗಿಯುತ್ತದೆ. ಅದನ್ನು ತಿಂಗಳಿಗೊಮ್ಮೆ ನೋಡಿಕೊಳ್ಳಿ, ದಿನಾ ನೋಡಬೇಡಿ. ಕಾಲು ಜಡವಾಗಿದೆ ಎನ್ನಿಸಿದರೆ ಓಟದ ಕೊನೆಯಲ್ಲಿ ಹದಿನೈದು ಸೆಕೆಂಡು ಸಡಿಲವಾಗಿ, ಖುಷಿಗಾಗಿ ನಾಲ್ಕು ಸಲ ಸ್ವಲ್ಪ ಚುರುಕಾಗಿ ಓಡಿದರೆ ತೊಂದರೆಯಿಲ್ಲ. ಮನಸ್ಸಿಲ್ಲದಿದ್ದರೆ ಅದೂ ಬೇಡ.

ಬಳ್ಳಾರಿ ಕೋಟೆ ಗುಡ್ಡ, ಅಂಜನಾದ್ರಿಯ 575 ಮೆಟ್ಟಿಲು ಮುಂತಾದವನ್ನು ಮೊದಲ ಮೂರು ತಿಂಗಳು ಓಟದ ಲೆಕ್ಕಕ್ಕೆ ತರಬೇಡಿ. ದೇವರ ದರ್ಶನಕ್ಕೆ ಹತ್ತಿ ಬನ್ನಿ, ಆದರೆ ಇಳಿಯುವಾಗ ತೊಡೆಯ ಸ್ನಾಯುಗಳ ಮೇಲೆ ಬೀಳುವ ಹೊರೆಯನ್ನು ಮರುದಿನ ಕಾಲೇ ಹೇಳುತ್ತದೆ. ಆ ದಿನ ಓಟಕ್ಕೆ ರಜೆ.

ಹಂತ 5: ನೀರು, ಉಪ್ಪು, ಊಟ

ನಲವತ್ತು ನಿಮಿಷದೊಳಗಿನ ಬೆಳಗಿನ ಓಟಕ್ಕೆ ಮೊದಲು ಏನೂ ತಿನ್ನಬೇಕಾಗಿಲ್ಲ. ಒಂದು ಲೋಟ ನೀರು ಸಾಕು, ಹಸಿವು ತಡೆಯದವರು ಅರ್ಧ ಬಾಳೆಹಣ್ಣು ತಿನ್ನಿ. ಹಿಂದಿನ ರಾತ್ರಿಯ ಜೋಳದ ರೊಟ್ಟಿ, ಬೇಳೆ, ಪಲ್ಯದ ಊಟಕ್ಕಿಂತ ಒಳ್ಳೆಯ ಓಟಗಾರರ ಊಟವನ್ನು ಯಾವ ಡಬ್ಬಿಯ ಪುಡಿಯೂ ಕೊಡಲಾರದು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಖಾಲಿ ಹೊಟ್ಟೆಯಲ್ಲಿ ಓಡುವ ಮುನ್ನ ವೈದ್ಯರನ್ನು ಕೇಳಬೇಕು. ಓಟ ಮುಗಿಸಿ ನೇರವಾಗಿ ಒಗ್ಗರಣೆ ಮಂಡಕ್ಕಿ-ಮಿರ್ಚಿ ಅಂಗಡಿಗೆ ಹೋಗುವವರನ್ನು ತಡೆಯುವ ಶಕ್ತಿ ನನಗಿಲ್ಲ. ಮಿರ್ಚಿ ಒಂದಕ್ಕೆ ನಿಲ್ಲಿಸಿ, ಜೊತೆಗೆ ಮನೆಯಲ್ಲಿ ಮೊಟ್ಟೆಯನ್ನೋ ಮೊಳಕೆ ಕಾಳನ್ನೋ ತಿನ್ನಿ.

ಬೇಸಿಗೆಯಲ್ಲಿ ಎಷ್ಟು ನೀರು ಬೇಕು ಎಂಬುದಕ್ಕೆ ಸುಲಭ ಲೆಕ್ಕ: ಓಟಕ್ಕೆ ಮೊದಲು ಮತ್ತು ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ. ಅದನ್ನು ಮುಂದಿನ ಎರಡು-ಮೂರು ಗಂಟೆಗಳಲ್ಲಿ ನಿಧಾನವಾಗಿ ತುಂಬಿಕೊಳ್ಳಿ. ಉಪ್ಪು ಹಾಕಿದ ಮಜ್ಜಿಗೆ ಉತ್ತಮ. ತುಂಬಾ ಬೆವರಿದ ದಿನ ಓಆರ್‌ಎಸ್ ಪೊಟ್ಟಣ ಕಲಸಿ ಕುಡಿಯಿರಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂದಾಜಿನಲ್ಲಿ ಉಪ್ಪು ಹೆಚ್ಚು ಸುರಿಯಬೇಡಿ. ಬಾಯಾರಿಕೆ ಇಲ್ಲದಿದ್ದರೂ ಬರಿಯ ನೀರನ್ನು ಲೀಟರುಗಟ್ಟಲೆ ಕುಡಿಯುವುದೂ ಅಪಾಯ, ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಕೆಲವೊಮ್ಮೆ ಪ್ರಜ್ಞೆ ತಪ್ಪುವ ತನಕ ಹೋಗುತ್ತದೆ.

ಮೈ ಸೆಖೆಗೆ ಒಗ್ಗಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಮಾರ್ಚ್ ಮಧ್ಯದಲ್ಲಿ ಬಿಸಿಲು ಏರಿದಾಗ, ಅಥವಾ ತಂಪು ಊರಿನಿಂದ ಮರಳಿದಾಗ, ಆ ಎರಡು ವಾರ ಮೊದಲಿನ ಅರ್ಧದಷ್ಟೇ ಓಡಿ.

ಈ ಒಂದು ಎಚ್ಚರಿಕೆ ಮನೆಯವರಿಗೂ ತಿಳಿದಿರಲಿ: ಓಡುತ್ತಿರುವವರು ತಡವರಿಸಿ ಮಾತನಾಡಿದರೆ, ತೂರಾಡಿದರೆ, ಎಲ್ಲಿದ್ದೇವೆ ಎಂಬುದು ತಿಳಿಯದಂತಾದರೆ ಅದು ಶಾಖಾಘಾತ. ಬೆವರು ಸುರಿಯುತ್ತಿದ್ದರೂ ಶಾಖಾಘಾತವಾಗಬಹುದು. ನೆರಳಿಗೆ ತಂದು, ತಲೆಯಿಂದ ಕಾಲಿನವರೆಗೆ ತಣ್ಣೀರು ಸುರಿಯುತ್ತಾ, ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಿ. ಪ್ರಜ್ಞೆ ಸರಿಯಿಲ್ಲದವರಿಗೆ ನೀರು ಕುಡಿಸಬೇಡಿ.

ಹಂತ 6: ನೋವು ಬಂದಾಗ

ಮೀನಖಂಡ, ತೊಡೆ ಎರಡೂ ಕಾಲುಗಳಲ್ಲಿ ಸಮನಾಗಿ ಬಿಗಿದುಕೊಂಡು, ನಡೆದಾಡಿದಂತೆ ಸಡಿಲವಾದರೆ ಹೆದರಬೇಡಿ. ಒಂದೇ ಕಾಲಿನಲ್ಲಿ, ಒಂದೇ ಜಾಗದಲ್ಲಿ, ಓಡಿದಷ್ಟೂ ಹೆಚ್ಚುವ ನೋವು ಬೇರೆ ಜಾತಿಯದು. ಕುಂಟುವಂತಾದ ಕ್ಷಣವೇ ಆ ದಿನದ ಓಟ ಮುಗಿಯಿತು, ನಡೆದು ಮನೆಗೆ ಬನ್ನಿ.

ಹೊಸಬರಿಗೆ ಬರುವ ನೋವುಗಳಲ್ಲಿ ಮೊಣಕಾಲಿನಿಂದ ಕೆಳಗೆ ಮುಂಗಾಲಿನ ಎಲುಬಿನ ಒಳಅಂಚಿನದು ಸಾಮಾನ್ಯ. ಅಂಗೈಯುದ್ದಕ್ಕೂ ಹರಡಿದ್ದರೆ ಒಂದೆರಡು ವಾರ ದೂರ ಅರ್ಧಕ್ಕೆ ಇಳಿಸಿ, ಮಣ್ಣಿನ ನೆಲಕ್ಕೆ ಹೋದರೆ ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ಬೆರಳಿನಿಂದ ತೋರಿಸುವಷ್ಟು ಚಿಕ್ಕ ಜಾಗದಲ್ಲಿ ಎಲುಬಿನ ಮೇಲೆ ಒತ್ತಿದರೆ ಚುಚ್ಚುವಂತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಎಲುಬಿನಲ್ಲಿ ಕೂದಲೆಳೆಯ ಬಿರುಕಿರಬಹುದು. ಮೂಳೆ ವೈದ್ಯರಲ್ಲಿಗೆ ಹೋಗಿ. ಮೊದಲ ವಾರಗಳ ಎಕ್ಸ್-ರೇಯಲ್ಲಿ ಅದು ಕಾಣದಿರುವುದೂ ಉಂಟು, "ಎಕ್ಸ್-ರೇ ಸರಿಯಿದೆ" ಎಂದು ಮತ್ತೆ ಓಡಲು ಇಳಿಯಬೇಡಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚಿದರೆ ಮನೆಯೊಳಗೆ ಬರಿಗಾಲಿನಲ್ಲಿ ಗ್ರಾನೈಟ್ ನೆಲದ ಮೇಲೆ ಓಡಾಡುವುದನ್ನು ನಿಲ್ಲಿಸಿ, ಮೆತ್ತನೆಯ ಚಪ್ಪಲಿ ಹಾಕಿ.

ನೋವಿನ ಮಾತ್ರೆ ನುಂಗಿ ಓಡುವ ಅಭ್ಯಾಸ ನಮ್ಮ ಮೈದಾನಗಳಲ್ಲಿ ಹೆಚ್ಚುತ್ತಿದೆ. ಅದು ನೋವನ್ನು ಮುಚ್ಚುತ್ತದೆ, ಬಿರುಕನ್ನು ಮುಚ್ಚುವುದಿಲ್ಲ. ಬೆವರಿ ಬಸವಳಿದ ಮೈಯಲ್ಲಿ ಮೂತ್ರಪಿಂಡಕ್ಕೂ ಹೊಡೆತ.

ತಡೆಗಟ್ಟಲು ವಾರಕ್ಕೆ ಎರಡು ದಿನ, ಹತ್ತು ನಿಮಿಷ ಸಾಕು. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗದ ಮೇಲೆ ನಿಂತು ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸುವುದು ಹದಿನೈದು ಸಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹದಿನೈದು ಸಲ. ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು, ಎರಡೂ ಕಡೆ. ಮೂರು ಸುತ್ತು.

ಹಂತ 7: ಬಿಟ್ಟು ಮತ್ತೆ ಹಿಡಿದಾಗ

ಗವಿಮಠದ ಜಾತ್ರೆ, ಮಗನ ಮದುವೆ, ಸುಗ್ಗಿ, ಚುನಾವಣಾ ಕರ್ತವ್ಯ: ಓಟ ತಪ್ಪಿಸುವ ಕಾರಣಗಳಿಗೆ ನಮ್ಮಲ್ಲಿ ಬರವಿಲ್ಲ. ಒಂದು ವಾರ ತಪ್ಪಿದರೆ ಕಳೆದ ವಾರದ ಲೆಕ್ಕವನ್ನೇ ಮತ್ತೆ ಓಡಿ. ಎರಡು-ಮೂರು ವಾರವಾದರೆ ಅರ್ಧದಿಂದ ಶುರು ಮಾಡಿ, ತಪ್ಪಿದಷ್ಟೇ ವಾರಗಳಲ್ಲಿ ಹಳೆಯ ದೂರಕ್ಕೆ ಬನ್ನಿ. ಎರಡು ತಿಂಗಳು ಮೀರಿದ್ದರೆ ಹಂತ 3ಕ್ಕೆ ಹಿಂತಿರುಗಿ, ಈ ಸಲ ಅದು ಬೇಗ ಮುಗಿಯುತ್ತದೆ.

ಜ್ವರವಿರುವಾಗ ಒಂದು ಹೆಜ್ಜೆಯೂ ಬೇಡ. ಡೆಂಗಿ, ಟೈಫಾಯ್ಡ್ ಬಂದುಹೋದ ಮೇಲೆ ವೈದ್ಯರು ಹೇಳುವ ತನಕ ಕಾಯಿರಿ. ಚಿಕೂನ್‌ಗುನ್ಯಾದ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು, ಆಗ ನಡಿಗೆಯೇ ಓಟ.

ಯಾವ ತಿಂಗಳು ಶುರು ಮಾಡುವುದು ಒಳ್ಳೆಯದು ಎಂಬುದು ಕೊನೆಯ ಪ್ರಶ್ನೆ. ಆಯ್ಕೆಯಿದ್ದರೆ ಅಕ್ಟೋಬರ್. ಅರ್ಧ ಗಂಟೆ ಓಡಬಲ್ಲವರು ಆಗ ಮೇಲಿನ ಮಾದರಿ ಹಿಡಿದರೆ ಸಂಕ್ರಾಂತಿಯ ಹೊತ್ತಿಗೆ ಹನ್ನೆರಡು ವಾರ ಮುಗಿದಿರುತ್ತದೆ, ಬಿಸಿಲು ಏರುವ ಮುನ್ನ ಇನ್ನೂ ಎರಡು ತಿಂಗಳು ಕೈಯಲ್ಲಿರುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ವಾರದ ಒಟ್ಟು ದೂರದಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ, ಅತಿ ಉದ್ದದ ಓಟ ಆರು ಕಿಲೋಮೀಟರ್ ದಾಟದಿರಲಿ. ಮುಂಗಾರು ಬಂದ ಮೇಲೆ ಉದ್ದದ ಓಟವನ್ನು ಆ ಆರರಿಂದಲೇ, ವಾರಕ್ಕೆ ಅರ್ಧ ಕಿಲೋಮೀಟರಿನಂತೆ, ಮತ್ತೆ ಏರಿಸಿ.